ಮೊಣಕಾಲ್ಗುಂಡಿಯ ಮಹಿಮೆ

ಕಾಲಗಣನೆಗೆ ನಿಲುಕದ ಒಂದು ಯುಗದಲ್ಲಿ, ಏಳು ಊರುಗಳಿಗೆ ನೀರುಣಿಸುವ ಒಂದೇ ಒಂದು ಸೆಲೆ ಕರೇಗುಡ್ಡದ ನೆತ್ತಿಯ ಮೇಲಿತ್ತು. ಅದನ್ನು ಕಾಯುತ್ತಿದ್ದವನು ವಿರುಪನಗೌಡ. ನೀರನ್ನು ಹುಟ್ಟಿಸಿದವನು ಅವನಲ್ಲ, ಕಾಯುತ್ತಿದ್ದ, ಅಷ್ಟೇ. ಗೌಡನ ಸರೀಕರು ಕಟ್ಟೆಯ ಮೇಲೆ ಕೂತು ಚರಿಗೆಯಲ್ಲಿ ಕುಡಿಯುತ್ತಿದ್ದರು. ಕೆಳಗೇರಿಯವರು ಕಟ್ಟೆಯ ಕೆಳಗೆ ಬಗ್ಗಿ ಬೊಗಸೆ ಒಡ್ಡಬೇಕು. ಗೌಡನ ದನಗಾಹಿ ಸಣ್ಣೀರ ಭುಜದೆತ್ತರದಿಂದ ಸುರಿಯಬೇಕು. ಮುಕ್ಕಾಲು ನೀರು ಮಣ್ಣಿಗೆ, ಕಾಲುಪಾಲು ಬಾಯಿಗೆ. ಇದಕ್ಕೆ ಕಟ್ಟೆಯ ಮೇಲಿನವರು ಧರ್ಮವೆಂದು ಹೆಸರಿಟ್ಟಿದ್ದರು. ಬಾಯಾರಿದವರನ್ನು ‘ಏ’ ಎಂದು ಕರೆಯುವುದೂ ಆ ಧರ್ಮದಲ್ಲೇ ಸೇರಿತ್ತು.

ಈ ಕೆಲಸಕ್ಕೆ ಸಣ್ಣೀರನಿಗೆ ಒಂದು ಗುಡಿಸಲು, ಎರಡು ಹೊತ್ತಿನ ರೊಟ್ಟಿ. ಗುಡಿಸಲಲ್ಲಿ ತುಂಬು ಬಸುರಿ ಹೆಂಡತಿ. ಎಲ್ಲರೂ ಕುಡಿದು ಹೋದ ಮೇಲೆಯೇ ಅವನು ಕುಡಿಯಬೇಕೆಂಬ ಕಟ್ಟಳೆ ಬೇರೆ.

ಒಂದು ಉರಿಮಧ್ಯಾಹ್ನ, ತೊಗಲಿನ ಹೊರೆ ಹೊತ್ತ ಮುದುಕಿಯೊಬ್ಬಳು ಬಂದು ಬೊಗಸೆ ಒಡ್ಡಿದಳು. ಕೈಗಳು ನಡುಗುತ್ತಿದ್ದವು. ಸಣ್ಣೀರ ಸುರಿದ; ಬೆರಳ ಸಂದಿಯಲ್ಲಿ ಸೋರಿಹೋಯಿತು. ಮತ್ತೆ ಸುರಿದ, ಮತ್ತೆ ಸೋರಿತು.

“ನನಗಿಂತ ನೆಲಕ್ಕ ನೀರಡಿಕಿ ಜಾಸ್ತಿ ಆಗೇತಿ ನೋಡಪಾ,” ಎಂದು ಮುದುಕಿ ನಕ್ಕಳು.

“ಏ ಮುದುಕಿ, ಕೈ ಗಟ್ಟಿ ಹಿಡಿ. ಇಲ್ಲಾಂದ್ರ ನಡಿ,” ಎಂದ ಕಟ್ಟೆಯ ಮೇಲೆ ಕೂತಿದ್ದ ಗೌಡ.

ಸಣ್ಣೀರ ಕಟ್ಟೆ ಇಳಿದ. ಬಂಡೆಯ ಮೇಲೆ ಮೊಣಕಾಲೂರಿ, ಗೌಡನ ಹಿತ್ತಾಳೆ ಚರಿಗೆಯನ್ನೇ ಆಕೆಯ ಕೈಗಿಟ್ಟು, ಜಾರದಂತೆ ಕೆಳಗೆ ತನ್ನ ಕೈಯನ್ನೂ ಕೊಟ್ಟ. “ಕುಂದರಬೇ ಯವ್ವಾ. ಸಾವಕಾಶ ಕುಡಿ.”

ಗೌಡ ಎದ್ದು ನಿಂತ. “ಚರಿಗಿ ಕೆಡಿಸಿದಿ. ಹೊತ್ತು ಮುಳುಗೂದ್ರಾಗ ಹೆಂಡ್ತೀನ ಕರಕೊಂಡು ಊರು ಬಿಡು.”

“ಬಿಡ್ತೀನ್ರಿ. ಮೊದಲ ಆಕಿ ಕುಡದು ಮುಗಸಲಿ.”

ಮುದುಕಿ ಅರ್ಧಕ್ಕೇ ನಿಲ್ಲಿಸಿ, ಚರಿಗೆಯನ್ನು ಅವನ ಮುಂದೆ ಹಿಡಿದಳು. “ನೀ ಕುಡದಿ ಏನಪಾ?”

ಸಾವಿರ ಜನಕ್ಕೆ ನೀರು ಹೊಯ್ದವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವನು ಒಂದು ಗುಟುಕು ಕುಡಿದನೋ ಇಲ್ಲವೋ, ಮೇಲಿನ ಸೆಲೆ ತಟ್ಟನೆ ಬತ್ತಿ ಸದ್ದಡಗಿತು! ಅವನ ಮೊಣಕಾಲಡಿಯ ಬಂಡೆ ಹಸಿಮಣ್ಣಿನಂತೆ ಕುಸಿದು, ಎರಡು ಕುಳಿಗಳಿಂದ ನೀರು ಆಳೆತ್ತರ ಚಿಮ್ಮಿತು! ಮುದುಕಿ ಅಲ್ಲಿರಲಿಲ್ಲ. ಜಗಜ್ಜನನಿಯ ವಾಣಿ ಗುಡ್ಡವನ್ನೆಲ್ಲ ತುಂಬಿತು: “ಎತ್ತರದಿಂದ ಸುರಿದದ್ದನ್ನು ನಾನು ನೆಲಕ್ಕೆ ಬಿಟ್ಟೆ. ಕೈಗೆ ಕೊಟ್ಟದ್ದನ್ನು ಕುಡಿದೆ. ಇನ್ನು ಇವನು ಮೊಣಕಾಲೂರಿದಲ್ಲೇ ನನ್ನ ವಾಸ.”

ಸಣ್ಣೀರ ಊರು ಬಿಡಲಿಲ್ಲ; ಏಳು ಊರುಗಳೇ ಕೊಡ ಹಿಡಿದು ಅವನಿದ್ದಲ್ಲಿಗೆ ಬಂದವು. ಮೂರನೆಯ ದಿನ ಗೌಡ ಬಂದ. ನೀರಿಲ್ಲದೆ ತುಟಿ ಒಡೆದಿತ್ತು. ಯಾರೂ ಹೇಳದಿದ್ದರೂ ಬಗ್ಗಿ ಬೊಗಸೆ ಒಡ್ಡಿದ.

“ಮ್ಯಾಲಿಂದ ಹೊಯ್ಯೋ ಸಣ್ಣೀರ, ಗೌಡ್ರಿಗೂ ರುಚಿ ಗೊತ್ತಾಗ್ಲಿ,” ಎಂದರು ಜನ.

ಸಣ್ಣೀರ ಮೊಣಕಾಲೂರಿ ಚರಿಗೆಯನ್ನು ಅವನ ಕೈಗಿಟ್ಟ. “ಕುಂದರ್ರಿ ಗೌಡ್ರ. ಸಾವಕಾಶ ಕುಡೀರಿ.” ಗೌಡ ಕೂತ. ಕುಡಿಯುವ ಮೊದಲು ಬಹಳ ಹೊತ್ತು ಅತ್ತ.

ಆ ಎರಡು ಕುಳಿಗಳು ಇಂದಿಗೂ ತುಂಬಿವೆ. ಅಲ್ಲಿ ಗುಡಿಯಿಲ್ಲ, ಪೂಜಾರಿಯಿಲ್ಲ, ಮೇಲಿನ ಸಾಲು ಕೆಳಗಿನ ಸಾಲು ಇಲ್ಲ. ತಾನೇ ಮೊಗೆದು ಕುಡಿಯುವಂತಿಲ್ಲ. ಮೊದಲು ಬಂದವರು ಮೊಣಕಾಲೂರಿ ಹಿಂದೆ ಬಂದವರಿಗೆ ಕೊಡಬೇಕು, ಕುಲ ಕೇಳದೆ. ಒಬ್ಬರೇ ಬಂದವರು, ಎಂಥ ದೊಡ್ಡವರಾದರೂ, ಇನ್ನೊಬ್ಬರು ಬರುವವರೆಗೆ ಬಾಯಾರಿ ಕಾಯಬೇಕು. ಚರಿಗೆ ಪಡೆದವರು ತುಟಿಗಿಡುವ ಮುನ್ನ ಕೊಟ್ಟವರ ಮುಖ ನೋಡಿ ಹೇಳಬೇಕಾದ ಮಂತ್ರ ಇಷ್ಟೇ: “ನೀ ಕುಡದಿ ಏನಪಾ?”