ನೋಡಿ ಮುಗಿಯುವ ಮುನ್ನ

“ಸರ್, ನನ್ನನ್ನು ವಿಭಾಗದ ಮುಖ್ಯಸ್ಥೆಯಾಗು ಎನ್ನುತ್ತಿದ್ದಾರೆ. ನನಗಿಂತ ಹಿರಿಯರು ಮೂವರಿದ್ದಾರೆ. ಮೂವರೂ ಗಂಡಸರು. ಅವರು ಒಪ್ಪುವ ತನಕ ಕಾಯಲೇ?”

ಕೇಳಿದವಳು ನೀಲಾಂಬಿಕೆ. ದೊಡ್ಡ ಆಸ್ಪತ್ರೆಯೊಂದರ ಎಕ್ಸ್-ರೇ ವಿಭಾಗದಲ್ಲಿ ವೈದ್ಯೆ. ಸೋಮವಾರದೊಳಗೆ ಅವಳು ಉತ್ತರ ಕೊಡಬೇಕಿತ್ತು. ಕೊಡದಿದ್ದರೆ ಹುದ್ದೆ ಬೇರೊಬ್ಬರ ಪಾಲಾಗುತ್ತಿತ್ತು. ಅವಳಿಗೆ ಫಿಲ್ಮ್ ಓದುವುದನ್ನು ಕಲಿಸಿದ ಗುರುಗಳು ನಿವೃತ್ತರಾಗಿ ಬಹಳ ವರ್ಷಗಳಾಗಿದ್ದವು. ಅವಳು ಕೇಳಲು ಬಂದದ್ದು ಅವರ ಬಳಿಗೆ. ಅವರು ಒಂದು ಕತೆ ಹೇಳಿದರು:

ಒಂದು ಆಸ್ಪತ್ರೆ. ಅಲ್ಲಿ ದಿನವೂ ಬೆಳಿಗ್ಗೆ ವೈದ್ಯರೆಲ್ಲ ಒಟ್ಟಿಗೆ ಕುಳಿತು ಫಿಲ್ಮ್ ನೋಡುತ್ತಿದ್ದರು. ಬೆಳಕಿನ ಪೆಟ್ಟಿಗೆಯ ಮೇಲೆ ಫಿಲ್ಮ್ ಏರುತ್ತಿತ್ತು. ಮುಖ್ಯಸ್ಥ ನೋಡಿ, ಕಂಡದ್ದನ್ನು ಹೇಳಿ, “ಮುಂದಿನದು” ಎನ್ನುತ್ತಿದ್ದ. ಅದಾದ ಮೇಲೆ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಯಾರೂ ಮೀರಿರಲಿಲ್ಲ, ಅಷ್ಟೇ.

ಅಲ್ಲಿಗೆ ಒಬ್ಬ ವೈದ್ಯೆ ಬಂದಳು. ಆ ವಿಭಾಗಕ್ಕೆ ಬಂದ ಮೊದಲ ಹೆಂಗಸು. ಬಾಗಿಲ ಬಳಿಯ ಕುರ್ಚಿ ಕೊಟ್ಟರು. ಕುಳಿತಳು. ಎಲ್ಲರೂ ಚಹಾಕ್ಕೆ ಎದ್ದುಹೋದ ಮೇಲೆ ಅವಳು ಅವೇ ಫಿಲ್ಮುಗಳನ್ನು ಮತ್ತೆ ಏರಿಸಿ, ಮೂಲೆಯಿಂದ ಮೂಲೆಗೆ ನೋಡುತ್ತಿದ್ದಳು.

ಹಿರಿಯನೊಬ್ಬ ನಕ್ಕ. “ಏನಮ್ಮ, ಮನೇಲಿ ಅಕ್ಕಿ ಆರಿಸಿದ ಹಾಗೆ ನೋಡ್ತೀಯಲ್ಲ!”

“ಹೌದು ಸರ್. ಒಂದು ಕಲ್ಲು ಸಿಕ್ಕಿತು ಅಂತ ಯಾರೂ ಮೊರ ಕೆಳಗಿಡೋದಿಲ್ಲ,” ಎಂದಳು.



ಒಂದು ಬೆಳಿಗ್ಗೆ ಗಾರೆ ಮೇಸ್ತ್ರಿಯೊಬ್ಬನ ಫಿಲ್ಮ್ ಏರಿತು. ಕಟ್ಟಡದ ಮೂರನೆಯ ಅಂತಸ್ತಿನಿಂದ ಬಿದ್ದವನು. ಪಕ್ಕೆಲುಬು ಮುರಿದದ್ದು ದೂರದಿಂದಲೇ ಕಾಣುತ್ತಿತ್ತು.

“ಪಕ್ಕೆಲುಬು ಮುರಿದಿದೆ. ಮುಂದಿನದು,” ಎಂದ ಮುಖ್ಯಸ್ಥ.

“ತೆಗೆಯಬೇಡಿ,” ಎಂದಳು ಅವಳು.

ಎಲ್ಲರ ತಲೆ ಬಾಗಿಲ ಕಡೆಗೆ ತಿರುಗಿತು.

“ಯಾಕೆ? ಮುರಿದದ್ದು ಕಾಣಲಿಲ್ಲವೋ?”

“ಕಂಡಿತು ಸರ್. ನಾನಿನ್ನೂ ನೋಡಿ ಮುಗಿಸಿಲ್ಲ.”

ನೀಲಾಂಬಿಕೆ, ಇದನ್ನು ಗಮನಿಸು. ಆ ಹೊತ್ತಿಗೆ ಅವಳಿಗೂ ಬೇರೇನೂ ಕಂಡಿರಲಿಲ್ಲ. ಅಷ್ಟು ಎತ್ತರದಿಂದ ಬಿದ್ದವನಿಗೆ ಇಷ್ಟೇ ಪೆಟ್ಟೇ ಎಂಬ ಅನುಮಾನವೊಂದೇ ಇದ್ದದ್ದು. ಏನೂ ಸಿಗದಿದ್ದರೆ ಮರುದಿನ ಆ ಕುರ್ಚಿಯೂ ಇರುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಎದ್ದು ಮುಂದೆ ಬಂದಳು. ಮುರಿದ ಎಲುಬನ್ನು ಬಿಟ್ಟು ಉಳಿದದ್ದನ್ನೆಲ್ಲ ನೋಡುತ್ತಾ ಕೆಳಗಿಳಿದಳು. ಎದೆಗೂ ಹೊಟ್ಟೆಗೂ ನಡುವಿನ ಪರದೆಯ ಕೆಳಗೆ ಒಂದು ಕಪ್ಪು ಗೆರೆ ಇತ್ತು. ಉಗುರಿನ ಅಂಚಿನಷ್ಟು ತೆಳು. ಅದು ಗಾಳಿ. ಅಲ್ಲಿ ಗಾಳಿ ಇರಬಾರದು. ಇದೆಯೆಂದರೆ ಒಳಗೆ ಕರುಳು ತೂತಾಗಿದೆ ಎಂದರ್ಥ.

“ಈತ ಎಲ್ಲಿ?” ಎಂದಳು.

ಎದೆಗೆ ಪಟ್ಟಿ ಸುತ್ತಿ, ನೋವಿಗೆ ಚುಚ್ಚುಮದ್ದು ಕೊಟ್ಟು ಆಗಲೇ ಕಳುಹಿಸಿಬಿಟ್ಟಿದ್ದರು. ಅವನು ಹೆಂಡತಿಯೊಡನೆ ಊರಿನ ಬಸ್ಸಿನಲ್ಲಿ ಕುಳಿತಿದ್ದ. ಜವಾನ ಓಡಿಹೋಗಿ ಇಳಿಸಿಕೊಂಡು ಬಂದ. ಮಧ್ಯಾಹ್ನದೊಳಗೆ ಶಸ್ತ್ರಚಿಕಿತ್ಸೆ ಮುಗಿಯಿತು. ಮೇಸ್ತ್ರಿ ಬದುಕಿದ.

ಎಲ್ಲರೆದುರು ಮುಖ್ಯಸ್ಥನ ಮಾತು ಮೀರಿದ್ದಾಳೆ, ಇನ್ನು ಇವಳ ಕತೆ ಮುಗಿಯಿತು ಎಂದರು ಉಳಿದವರು. ಮುಖ್ಯಸ್ಥ ಒರಟ. ಹೊಗಳಿ ಗೊತ್ತಿಲ್ಲದವನು. ಅವಳಿಗೆ ಒಂದು ಒಳ್ಳೆಯ ಮಾತನ್ನೂ ಹೇಳಲಿಲ್ಲ. ಆದರೆ ಕೆಲ ವರ್ಷಗಳ ಬಳಿಕ ಅವನು ನಿವೃತ್ತನಾಗುವಾಗ, ನಿನ್ನ ಜಾಗಕ್ಕೆ ಯಾರು ಎಂದು ಮೇಲಿನವರು ಕೇಳಿದರು. ಅವನು ಬರೆದುಕೊಟ್ಟದ್ದು ಒಂದೇ ಹೆಸರು.

ಹಿರಿಯರು ಅವನ ಕೋಣೆಗೆ ಬಂದರು. “ಸರ್, ಆಕೆ ನಮಗಿಂತ ಚಿಕ್ಕವಳು. ಅದರ ಮೇಲೆ ಹೆಂಗಸು.”

“ಮೇಸ್ತ್ರಿಯ ಫಿಲ್ಮ್ ಏರಿದ ದಿನ ನೀವೆಲ್ಲ ಎಲ್ಲಿದ್ದಿರಿ?”

“ಮುಂದಿನ ಸಾಲಿನಲ್ಲೇ ಇದ್ದೆವು ಸರ್.”

“ನಾನೂ ಅಲ್ಲೇ ಇದ್ದೆ,” ಎಂದ ಮುಖ್ಯಸ್ಥ. “ಹೊರಡಿ.”

ಅವಳು ಮುಖ್ಯಸ್ಥೆಯ ಕುರ್ಚಿಯಲ್ಲಿ ಇಪ್ಪತ್ತೆರಡು ವರ್ಷ ಕುಳಿತಳು. ಎಲ್ಲರಿಗಿಂತ ಕಿರಿಯವರು ಮೊದಲು ಓದಬೇಕು, ಮುಖ್ಯಸ್ಥೆ ಕೊನೆಗೆ ಓದಬೇಕು ಎಂದಳು. ಇಂದಿಗೂ ಅಲ್ಲಿ ಹಾಗೆಯೇ ನಡೆಯುತ್ತಿದೆ. ಅವಳ ಕೈಕೆಳಗೆ ಕಲಿತ ಹೆಣ್ಣುಮಕ್ಕಳಲ್ಲಿ ಏಳು ಮಂದಿ ಇಂದು ಏಳು ಆಸ್ಪತ್ರೆಗಳಲ್ಲಿ ವಿಭಾಗ ನಡೆಸುತ್ತಿದ್ದಾರೆ. ಯಾರ ಫಿಲ್ಮಿನಲ್ಲಿ ಅನುಮಾನ ಬಂದರೂ ಸುತ್ತಲಿನ ನಾಲ್ಕು ಜಿಲ್ಲೆಯ ವೈದ್ಯರು, “ಆಯಮ್ಮ ನೋಡಿದ್ದಾರೋ?” ಎಂದು ಕೇಳುತ್ತಿದ್ದರು. ನೋಡಿದ್ದಾರೆ ಎಂದರೆ ಮುಂದೆ ಮಾತಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಅವರು ಒಂದೇ ಸಲಕ್ಕೆ ಇಷ್ಟು ಮಾತಾಡಿದ್ದನ್ನು ನೀಲಾಂಬಿಕೆ ಕಂಡಿರಲಿಲ್ಲ. ಆದರೂ ಅವಳ ಪ್ರಶ್ನೆ ಉಳಿದಿತ್ತು.

“ಸರ್, ಕೊನೆಗೆ ಆ ಹಿರಿಯರು ಅವಳನ್ನು ಒಪ್ಪಿದರೇ?”

“ಕೇಳುವುದಕ್ಕೆ ಅವಳಿಗೆ ಪುರುಸೊತ್ತೇ ಆಗಲಿಲ್ಲ,” ಎಂದರು ಗುರುಗಳು.

ನೀಲಾಂಬಿಕೆ ಸೋಮವಾರದವರೆಗೂ ಕಾಯದೆ ಅಂದೇ ಒಪ್ಪಿಗೆ ಬರೆದು ಕಳುಹಿಸಿದಳು.