ಗುಡಿಸದ ಹಾಸುಗಲ್ಲು

ಹೊಯ್ಸಳರ ಕಾಲದ ಜೈನ ಸನ್ಯಾಸಿನಿಯರ ಮಠವೊಂದು ಪಾಳುಬಿದ್ದಿತ್ತು. ಹುಳುಹುಪ್ಪಟೆ ಸಾಯಬಾರದೆಂದು, ಗುಡಿಸದ ಜಾಗದಲ್ಲಿ ಕೂರದಿರುವುದು ಅವರ ವ್ರತ. ಕೊನೆಯವರಾದ ಮಾಳಬ್ಬೆ ತೀರಿಕೊಂಡ ಮೇಲೂ, ಅವರು ಕೂರುತ್ತಿದ್ದ ಹಾಸುಗಲ್ಲನ್ನು ಅವರ ನವಿಲುಗರಿಯ ಪೊರಕೆಯಾದ ಪಿಂಛಿ ಪ್ರತಿ ಸಂಜೆ ತಾನಾಗಿಯೇ ಗುಡಿಸುತ್ತಿತ್ತು.

ಒಂದು ಸಂಜೆ, ಕಲ್ಲಿನ ಮೇಲೆ ಮೊಟ್ಟೆ ಇಟ್ಟುಕೊಂಡಿದ್ದ ಇರುವೆ ಸಿಡುಕಿತು. "ಸತ್ತವಳಿಗೆ ಇನ್ನೂ ಚಾಕರಿಯೇ, ಅಕ್ಕಾ?"

"ಆಚೆ ಸರಿ. ಅಮ್ಮ ಬರುವ ಹೊತ್ತಾಯಿತು. ನಿನ್ನ ಮೊಟ್ಟೆಗಳು ಅಪ್ಪಚ್ಚಿಯಾದಾವು."

"ಮೈಯೇ ಇಲ್ಲದವಳಿಗೆ ಭಾರವೆಲ್ಲಿಯದು? ಹೋಗು ಹೋಗು!"

ಇರುವೆಯ ಗೇಲಿಗೆ ಕುಗ್ಗಿದ ಪಿಂಛಿ ಅಂದು ಗುಡಿಸಲಿಲ್ಲ.

ಮುಸ್ಸಂಜೆಗೆ ಬರಿಗಾಲಿನ ಸಪ್ಪಳ ಕಲ್ಲಿನವರೆಗೆ ಬಂತು, ಅಲ್ಲೇ ತಡೆಯಿತು. ಯಾರೂ ಕೂರಲಿಲ್ಲ. ನಿಂತವರ ದಣಿದ ಉಸಿರು ಬೆಳಗಿನವರೆಗೂ ಇರುವೆಯ ನೆತ್ತಿಯ ಮೇಲೆ ಕೇಳಿಸುತ್ತಿತ್ತು.

ಇರುವೆ ಮೊಟ್ಟೆಗಳನ್ನೆಲ್ಲ ಕೆಳಗಿಳಿಸಿತು. "ಕೂತುಕೊಳ್ಳಿ, ತಾಯಿ."

ಉಸಿರು ಕದಲಲಿಲ್ಲ.

"ಅಕ್ಕಾ, ಗುಡಿಸು!" ಎಂದು ಇರುವೆ ಗೋಗರೆಯಿತು.

ಪಿಂಛಿ ಗುಡಿಸಿತು. ಆಮೇಲಷ್ಟೇ ಕಲ್ಲು ಮೆಲ್ಲಗೆ ಬೆಚ್ಚಗಾಯಿತು.