ಮಂಟಪದಲ್ಲಿ ಹಾಸಿದ ವಲ್ಲಿ

"ಕೇಳ್ರಪ್ಪೋ ಕೇಳಿ! ಅರಮನೆ ತೋಟದ ಕಲ್ಲುಮಂಟಪದಲ್ಲಿ ಒಂದು ದಿನ ಬುತ್ತಿ ಬಿಚ್ಚಿ ಉಣ್ಣಬೇಕು ಅನ್ನೋರು ಮಹಾರಾಜರ ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ಮಂಟಪ ಅವರದು, ಕೇಳಿದ ಒಂದು ವರವೂ ಅವರದು. ತಪ್ಪಿದರೆ ತಲೆ ಮಹಾರಾಜರದು!"

ಹೀಗೆ ಡಂಗುರ ಸಾರಿಸಿದವನು ವೀರಮಲ್ಲ ಅನ್ನೋ ದೊರೆ. ತೋಟವೇನೋ ಊರಿಗೆಲ್ಲ ಬಿಟ್ಟದ್ದೇ, ಮಂಟಪ ಮಾತ್ರ ಕೊಡಲಾರ. ಸುಮ್ಮನೆ ಇಲ್ಲ ಅಂದರೆ ಜನ ಯಾಕೆ ಅಂತಾರೆ; ತಲೆ ಹೋಗುತ್ತೆ ಅಂದರೆ ಬಾಯಿ ಮುಚ್ಚಿಕೊಳ್ತಾರೆ. ಖದೀಮ!

ಆದರೂ ಇಬ್ಬರು ಹೋದರು. ವರ್ತಕನ ಮಗ ಮೊದಲ ಒಗಟಿಗೇ ಸತ್ತ. ದಳವಾಯಿಯ ಮಗ ಮೂರನೆಯದರ ತನಕ ಬಂದು ಸತ್ತ. ಇಬ್ಬರ ತಲೆಯನ್ನೂ ತೋಟದ ಬಾಗಿಲಿಗೆ ತೂಗುಹಾಕಿದರು.

ಆಮೇಲೆ ಬಂದವನು ಕಲ್ಲು ಒಡೆಯುವ ಹಾಲಪ್ಪ. ಅವನ ಅವ್ವ ದುರ್ಗವ್ವ ಹಾಸಿಗೆ ಹಿಡಿದಿದ್ದಳು. "ಸಾಯೋದ್ರೊಳಗೆ ಆ ಮಂಟಪದಾಗೆ ಒಂದು ತುತ್ತು ಉಣ್ಬೇಕು ಮಗ" ಅಂತ ಒಂದೇ ಹಟ. ಹಾಲಪ್ಪ ಅಪ್ಪನ ಹಳೇ ವಲ್ಲಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟ.

ದೊರೆ ಕೇಳಿದ: "ಕೈಯಿಲ್ಲ, ಜಾಗ ಹಿಡಿಯುತ್ತೆ. ಬಾಯಿಲ್ಲ, ಒಡೆಯ ಬರ್ತಾನೆ ಅನ್ನುತ್ತೆ. ಪೈಲ್ವಾನನೂ ಅದನ್ನು ಎತ್ತಿಟ್ಟು ಕೂರಲ್ಲ. ಏನದು?"

ವರ್ತಕನ ಮಗ ಇದಕ್ಕೆ ರಾಜಮುದ್ರೆ ಅಂದಿದ್ದ. ನೆರಳಿಗಾಗಿ ಕಾದವನಲ್ಲ, ಅವನಿಗೇನು ಗೊತ್ತು ಪಾಪ!

"ವಲ್ಲಿ, ಮಹಾಸ್ವಾಮಿ. ನೆರಳಲ್ಲಿ ವಲ್ಲಿ ಹಾಸಿ ಕೆಲಸಕ್ಕೆ ಹೋದರೆ ಊಟದ ಹೊತ್ತಿಗೆ ಆ ಜಾಗ ನಮ್ಮದೇ."

"ಪಂಕ್ತಿಗೆ ಎಲ್ಲರಿಗಿಂತ ಮೊದಲು ಬರುತ್ತೆ, ಎಲ್ಲರೂ ಎದ್ದ ಮೇಲೆ ಏಳುತ್ತೆ. ಮೈತುಂಬ ಭಕ್ಷ್ಯ ಬಿದ್ದರೂ ಒಂದಗುಳು ನುಂಗಲ್ಲ. ಏನದು?"

"ಊಟದ ಎಲೆ."

ದೊರೆಯ ದನಿ ಇಳಿಯಿತು. ಹೇಳಲಾರದ್ದು ಹೊಟ್ಟೆಯೊಳಗೆ ಕೊಳೆಯುತ್ತಿತ್ತಲ್ಲ, ಅದು ಒಗಟಾಗಿ ಹೊರಬಂತು. "ಆ ಮಂಟಪದಲ್ಲಿ ಎಲ್ಲರಿಗಿಂತ ಮೊದಲು ಒಬ್ಬ ಜಾಗ ಹಿಡಿದ. ಹನ್ನೆರಡು ವರ್ಷವಾದರೂ ಎದ್ದಿಲ್ಲ, ಯಾರ ಕಣ್ಣಿಗೂ ಬಿದ್ದಿಲ್ಲ. ಯಾರವನು?"

ದಳವಾಯಿಯ ಮಗ ನಿಧಿ ಕಾಯೋ ಸರ್ಪ ಅಂದಿದ್ದು ಇದಕ್ಕೇ. ಕತ್ತಿಯವನು ಹತ್ತಿರ ಬಂದ. ಹಾಲಪ್ಪನಿಗೆ ಭಯ ಆಗದೆ ಇರುತ್ತಾ? ವಲ್ಲಿಯನ್ನು ಬಿಗಿಯಾಗಿ ಹಿಡಿದುಕೊಂಡ.

"ನನ್ನಪ್ಪ ಬಸಲಿಂಗ. ಆ ಮಂಟಪ ಕಟ್ಟಿದವನು. ಅವ್ವ ಬುತ್ತಿ ತಂದಾಗ, ನಿನ್ನ ಗಂಡ ಓಡಿಹೋದ ಅಂದರು ನಿಮ್ಮವರು. ಮಂಟಪದ ಜಗಲಿ ಮೇಲೆ ಈ ವಲ್ಲಿ ಹಾಸಿತ್ತು. ಓಡಿಹೋಗೋನು ಊಟಕ್ಕೆ ಜಾಗ ಹಿಡಿದು ಹೋಗ್ತಾನಾ? ಬೆಳಗ್ಗೆ ನಿಂತಿದ್ದ ಕಂಬ ಮುರಿದು ಬಿದ್ದಿತ್ತು, ಅದರ ಬುಡಕ್ಕೆ ಆಗಲೇ ಹೊಸ ಚಪ್ಪಡಿ ಹಾಸಿತ್ತು. ಕಂಬದಡಿ ಸತ್ತವನನ್ನು ಅದರ ಕೆಳಗೇ ಮುಚ್ಚಿಬಿಟ್ಟರು. ಅವ್ವ ಎಲ್ಲ ನೋಡಿದಳು. ಹೇಳಿದರೆ ಯಾರು ನಂಬ್ತಿದ್ದರು?"

ದೊರೆ ತಲೆ ತಗ್ಗಿಸಿ, "ವರ ಕೇಳು" ಅಂದ.

"ಚಪ್ಪಡಿ ಎತ್ತಿಸಿ."

ಎತ್ತಿಸಿದರು. ಮೂಳೆಗಳ ಪಕ್ಕದಲ್ಲಿ ಉಳಿಯೂ ಇತ್ತು.

ಹಾಲಪ್ಪ ಅವ್ವನನ್ನು ಹೊತ್ತು ತಂದ. ಅವಳು ವಲ್ಲಿಯನ್ನು ಮೊದಲಿದ್ದ ಜಾಗದಲ್ಲೇ ಹಾಸಿದಳು. ಮೂರು ಎಲೆ ಹಾಕಿ ಬುತ್ತಿ ಬಡಿಸಿದಳು. ತಾನು ಒಂದು ತುತ್ತು ಉಂಡು ಸಾಕು ಅಂದಳು.

ಹೊತ್ತು ಇಳಿದ ಮೇಲೆ ಹಾಲಪ್ಪ ಎಲೆ ತೆಗೆಯಲು ಬಗ್ಗಿದ.

"ಇರು ಮಗ," ಅಂದಳು ದುರ್ಗವ್ವ. "ಅವ್ರು ಇನ್ನೂ ಉಂಡಿಲ್ಲ."